ಒಂದೇ ತುಂಡು, ಇನ್ನೂರು ನಕಲು: ಕರ್ನಲ್‌ಗೆ ಆ ನಕಲಿನ ಚಟ ಬಿಡಿಸಿದ ನನ್ನ ಅನುಭವ

ಒಂದೇ ಡೇಟಾವನ್ನು ಇನ್ನೂರು ಜನಕ್ಕೆ ಕಳಿಸುವಾಗ ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಪ್ರತಿಯೊಬ್ಬರಿಗೂ ಬೇರೆ ಬೇರೆ ನಕಲು ಮಾಡುವುದನ್ನು ನಿಲ್ಲಿಸಬೇಕು ಅಂತ ಹೊರಟಾಗ, "ಆಗಲ್ಲ, ಆದರೂ ಲಾಭ ಇಲ್ಲ" ಅಂತ ಮೂರು ಜನ ಹೇಳಿದ್ದರು. ಅವರಲ್ಲಿ ಇಬ್ಬರು ನನಗಿಂತ ಜಾಸ್ತಿ ಕರ್ನಲ್ ಕೋಡ್ ಓದಿದವರು. ಹಾಗಾಗಿ ಇದನ್ನು ಬರೆಯುವಾಗ ಸ್ವಲ್ಪ ಜಂಬ ಇಣುಕಿದರೆ ಸಹಿಸಿಕೊಳ್ಳಿ.

ನಮ್ಮದು ಹಂಚುವ ಸರ್ವರ್. ಒಂದು ಕಡೆಯಿಂದ ಸುಮಾರು ಒಂದೊಂದು ಎಂಬಿಯ ತುಂಡುಗಳು ಬರುತ್ತವೆ. ಅದೇ ತುಂಡು ಇನ್ನೂರು ಚಿಲ್ಲರೆ ಕ್ಲೈಂಟ್‌ಗಳಿಗೆ ಟಿಸಿಪಿಯಲ್ಲಿ (ಕಳೆದುಹೋದ ಪ್ಯಾಕೆಟ್ಟನ್ನು ಮತ್ತೆ ಕಳಿಸುವ ನೆಟ್‌ವರ್ಕ್ ಪದ್ಧತಿ) ಹೋಗಬೇಕು. ತುಂಡು ಬರುವಾಗಲೇ ಎನ್‌ಕ್ರಿಪ್ಟ್ ಆಗಿರುತ್ತದೆ, ಹಾಗಾಗಿ ಕಳಿಸುವಾಗ ಎನ್‌ಕ್ರಿಪ್ಟ್ ಮಾಡುವ ಟಿಎಲ್‌ಎಸ್ ತಲೆನೋವು ಇಲ್ಲ. ಹಳೇ ಮಷೀನ್‌ಗಳು. 25 ಗಿಗಾಬಿಟ್ ನೆಟ್‌ವರ್ಕ್ ಕಾರ್ಡ್ ಇದ್ದರೂ 14ರ ಹತ್ತಿರ ಬಂದಾಗ ಏದುಸಿರು ಬಿಡುತ್ತಿದ್ದವು. ಕಳಿಸುವುದಕ್ಕೆ ಅಂತ ಎತ್ತಿಟ್ಟ ಎರಡು ಕೋರ್ ಪೂರ್ತಿ ತುಂಬಿರುತ್ತಿದ್ದವು. ಸಿಪಿಯು ಸಮಯ ಎಲ್ಲಿ ಹೋಗುತ್ತದೆ ಅಂತ ತೋರಿಸುವ ಪರ್ಫ್ ಹಾಕಿ ನೋಡಿದರೆ ಮೊದಲ ಸಾಲಿನಲ್ಲೇ ಯೂಸರ್ ಮೆಮೊರಿಯಿಂದ (ನಮ್ಮ ಪ್ರೋಗ್ರಾಂನ ಮೆಮೊರಿ) ಕರ್ನಲ್‌ಗೆ ನಕಲು ಮಾಡುವ ಫಂಕ್ಷನ್ ಕೂತಿತ್ತು. ಶೇಕಡಾ 40-45 ಅದೊಂದೇ ತಿನ್ನುತ್ತಿತ್ತು.

ಒಂದು ಎಂಬಿ ತುಂಡಿಗೆ ಇನ್ನೂರು ಎಂಬಿ ನಕಲು! ಅದೂ ಒಂದೇ ಅಕ್ಷರ ಬದಲಾಗದ ಮಾಲು. ನನಗೆ ಇದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು.

ಮೇಲಿನವರ ಪರಿಹಾರ ಸುಲಭದ್ದು: ಇನ್ನಷ್ಟು ಮಷೀನ್ ಬಾಡಿಗೆಗೆ ತಗೊಳ್ಳಿ. ಆಗಲೇ ಹನ್ನೆರಡು ಇದ್ದವು. ಒಬ್ಬ ಗೆಳೆಯ ಡಿಪಿಡಿಕೆ ಹಾಕು ಅಂದ. ಅಂದರೆ ಕರ್ನಲ್‌ನ ಟಿಸಿಪಿಯನ್ನೇ ಬಿಟ್ಟು ಬೇರೆ ಟಿಸಿಪಿ ಸಾಕಬೇಕು. ಇನ್ನೂರು ಕ್ಲೈಂಟ್‌ಗಳ ಇನ್ನೂರು ಬಗೆಯ ಲೈನು, ಕಳೆದುಹೋಗುವ ಪ್ಯಾಕೆಟ್ಟು, ಅದನ್ನೆಲ್ಲ ನಾನೇ ನೋಡಿಕೊಳ್ಳಬೇಕಾ? ಬೇಡ ಅಂದೆ.

ಮೊದಲು ಕೈ ಹಾಕಿದ್ದು ಸೆಂಡ್‌ಫೈಲ್‌ಗೆ. ಫೈಲಿನ ಡೇಟಾವನ್ನು ನಮ್ಮ ಪ್ರೋಗ್ರಾಂಗೆ ತರದೆ ಕರ್ನಲ್ಲೇ ನೇರವಾಗಿ ಸಾಕೆಟ್‌ಗೆ (ಕನೆಕ್ಷನ್‌ನ ನಮ್ಮ ಕಡೆಯ ತುದಿ) ಕಳಿಸುವ ಕರೆ ಇದು. ಅದು ಲಿನಕ್ಸ್ 2.2ರಿಂದ ಇದೆ, ಯಾರಿಗೂ ಹೊಸದಲ್ಲ. ಆದರೆ ನಮ್ಮ ಮಾಲು ಡಿಸ್ಕ್‌ನಲ್ಲಿಲ್ಲ, ಮೆಮೊರಿಯಲ್ಲಿದೆ. ಹಾಗಾಗಿ ಮೆಮ್‌ಎಫ್‌ಡಿ (ಮೆಮೊರಿಯಲ್ಲೇ ಇರುವ ಫೈಲ್) ಮಾಡಿ, ತುಂಡನ್ನು ಅದರೊಳಗೆ ಬರೆದು, ಅಲ್ಲಿಂದ ಇನ್ನೂರು ಸಾಕೆಟ್‌ಗೆ ಸೆಂಡ್‌ಫೈಲ್ ಮಾಡಿದೆ. ಚೆನ್ನಾಗೇ ಓಡಿತು, 18ರ ಸುತ್ತ ಬಂತು. ತೊಂದರೆ ಏನಂದರೆ, ಸೆಂಡ್‌ಫೈಲ್ ವಾಪಸ್ ಬಂತು ಅಂದರೆ ಡೇಟಾ ಹೊರಗೆ ಹೋಯಿತು ಅಂತಲ್ಲ, ಆ ಪುಟಗಳು (ಕರ್ನಲ್ ಮೆಮೊರಿಯನ್ನು ಅಳೆದು ಹಂಚುವ ಪೇಜ್‌ಗಳು) ಸಾಕೆಟ್ ಸಾಲಿನಲ್ಲಿ ನಿಂತವು ಅಂತಷ್ಟೇ. ಅದೇ ಫೈಲ್ ಮೇಲೆ ಮುಂದಿನ ತುಂಡು ಬರೆದರೆ, ಹೋಗದೆ ಉಳಿದಿದ್ದ ಹಳೇ ತುಂಡಿನ ಬಾಲ ಹೊಸದಾಗಿ ಹೋಗುತ್ತದೆ. ಯಾವಾಗ ಬರೆದರೆ ಸುರಕ್ಷಿತ ಅಂತ ಹೇಳುವ ದಾರಿ ಸೆಂಡ್‌ಫೈಲ್‌ನಲ್ಲಿ ಇಲ್ಲ. ಪ್ರತಿ ತುಂಡಿಗೂ ಹೊಸ ಫೈಲ್ ಮಾಡಿ ಎಸೆದರೆ ಸರಿಹೋಗುತ್ತದೆ, ಆದರೆ ಪ್ರತಿ ಸಲ ಹೊಸ ಪುಟ ಕೊಡುವುದು, ಸೊನ್ನೆ ತುಂಬುವುದು, ಆ ಖರ್ಚೇ ಎದ್ದು ಕಾಣುತ್ತಿತ್ತು. ನಮ್ಮ ಮೆಮೊರಿಯ ಪುಟಗಳನ್ನೇ ಪೈಪ್‌ಗೆ (ಕರ್ನಲ್‌ನೊಳಗಿನ ಡೇಟಾ ಕೊಳವೆ) ಹಾಕುವ ವಿಎಂಸ್ಪ್ಲೈಸ್ ಕೂಡ ಒಂದು ವಾರ ಆಡಿಸಿದೆ. ಅಲ್ಲೂ ಅದೇ ಕಥೆ: ಪುಟ ಯಾವಾಗ ಬಿಡುಗಡೆ ಆಯಿತು ಅಂತ ಯಾರೂ ಹೇಳಲ್ಲ. ಜೊತೆಗೆ ಪೈಪ್ ಬೇರೆ, ಅದು ಮಾಮೂಲಿಯಾಗಿ 16 ಪುಟ ಮಾತ್ರ ಹಿಡಿಯುತ್ತದೆ, ಹಿಗ್ಗಿಸಬೇಕು. ಬಿಟ್ಟೆ.

ಆಮೇಲೆ ಎಂಎಸ್‌ಜಿ-ಜೀರೋಕಾಪಿ, ಅಂದರೆ ಸೆಂಡ್ ಕರೆಯುವಾಗ ನಕಲು ಬೇಡ ಅಂತ ಹೇಳುವ ಫ್ಲ್ಯಾಗ್. ಲಿನಕ್ಸ್ 4.14ರಲ್ಲಿ, ಅಂದರೆ 2017ರಲ್ಲಿ, ಟಿಸಿಪಿಗೆ ಬಂದದ್ದು. ಇಲ್ಲಿ ಕರ್ನಲ್ ನಮ್ಮ ಪುಟಗಳನ್ನೇ ಪಿನ್ ಮಾಡಿ (ಜಾಗ ಬಿಟ್ಟು ಕದಲದಂತೆ ಹಿಡಿದು) ಕಾರ್ಡ್‌ಗೆ ಕೊಡುತ್ತದೆ, ಕೆಲಸ ಮುಗಿದ ಮೇಲೆ ಸಾಕೆಟ್‌ನ ಎರರ್ ಕ್ಯೂನಲ್ಲಿ "ಇಂಥ ನಂಬರಿನಿಂದ ಇಂಥ ನಂಬರಿನವರೆಗೆ ಆಯಿತು" ಅಂತ ಚೀಟಿ ಹಾಕುತ್ತದೆ. ನನಗೆ ಬೇಕಾಗಿದ್ದದ್ದು ಈ ಚೀಟಿಯೇ. ಆದರೆ ನಮ್ಮವರಿಗೆ ನಂಬಿಕೆ ಇರಲಿಲ್ಲ. ಪ್ಯಾಚ್ ಬಂದಾಗಲೇ ಅದರ ಲೆಕ್ಕ ಗೊತ್ತಿತ್ತಲ್ಲ, ಬರೀ ಬೆಂಚ್‌ಮಾರ್ಕ್‌ನಲ್ಲಿ ಶೇಕಡಾ 39 ಲಾಭ, ನಿಜವಾದ ಕೆಲಸದಲ್ಲಿ 5ರಿಂದ 8. "5 ಪರ್ಸೆಂಟ್‌ಗೆ ಇಷ್ಟು ಕೋಡಾ? ಗುಡ್ಡ ಅಗೆದು ಇಲಿ ಹಿಡಿಯೋ ಕೆಲಸ" ಅಂದರು. ಒಂದೇ ಬಫರ್ ಇನ್ನೂರು ಕಡೆ ಹೋಗುವ ಕೆಲಸಕ್ಕೂ ಅದೇ ಲೆಕ್ಕ ಯಾಕೆ ಹಿಡಿಯಬೇಕು ಅಂತ ನಾನು ಕೇಳಿದೆ. ಯಾರೂ ಉತ್ತರ ಕೊಡಲಿಲ್ಲ.

ಮೊದಲ ವಾರದ ಅಳತೆ ನೋಡಿ ಅವರು ನಕ್ಕಿದ್ದೂ ಸರಿಯೇ. ಹೊಸ ಕೋಡ್ ಹಳೆಯದಕ್ಕಿಂತ ನಿಧಾನವಾಗಿತ್ತು! ನಾನು ಮಾಡಿದ ದಡ್ಡತನ ಏನಂದರೆ, ಒಂದೇ ಮಷೀನ್‌ನಲ್ಲಿ ಲೂಪ್‌ಬ್ಯಾಕ್ ಮೇಲೆ ಅಳೆದಿದ್ದೆ. ಕಳಿಸಿದ್ದು ಅದೇ ಮಷೀನ್‌ನ ಸಾಕೆಟ್‌ಗೆ ಬಂದರೆ ಕರ್ನಲ್ ಬೇಕಂತಲೇ ನಕಲು ಮಾಡಿಬಿಡುತ್ತದೆ, ಯಾಕಂದರೆ ಆ ಕಡೆಯವನು ಯಾವಾಗ ಓದುತ್ತಾನೋ ಹೇಳಲಾಗದು. ಅಂದರೆ ಪಿನ್ ಮಾಡಿದ ಖರ್ಚೂ ನನ್ನದೇ, ನಕಲಿನ ಖರ್ಚೂ ನನ್ನದೇ. ಎರಡು ಮಷೀನ್ ಬಾಡಿಗೆಗೆ ತಗೊಂಡು ನಡುವೆ ನಿಜವಾದ ತಂತಿ ಇರುವ ಹಾಗೆ ಮಾಡಿದೆ. ಆ ಜೋಡಿಯ ಒಂದು ತಿಂಗಳ ಬಾಡಿಗೆ ಸುಮ್ನೆ ಹೋಯಿತು, ಅದನ್ನೂ ಹೇಳುತ್ತೇನೆ.

ಹೋಗಿದ್ದು ಈಪೋಲ್‌ನಿಂದ, ಅಂದರೆ ಯಾವ ಸಾಕೆಟ್‌ನಲ್ಲಿ ಏನಾಯಿತು ಅಂತ ಕರ್ನಲ್ ತಿಳಿಸುವ ವ್ಯವಸ್ಥೆಯಿಂದ. ಚೀಟಿ ಬಂದಾಗ ಸಾಕೆಟ್ ಮೇಲೆ ಎರರ್ ಬಿಟ್ ಏಳುತ್ತದೆ. ನಾವು ಕೇಳದಿದ್ದರೂ ಏಳುತ್ತದೆ, ಅದನ್ನು ಮುಚ್ಚಿಡಲು ಬರಲ್ಲ. ನಮ್ಮ ಈವೆಂಟ್ ಲೂಪ್‌ನಲ್ಲಿ ಯಾವ ಕಾಲದಲ್ಲೋ ಯಾರೋ ಬರೆದಿದ್ದ ನಿಯಮ: ಎರರ್ ಬಿಟ್ ಕಂಡರೆ ಕನೆಕ್ಷನ್ ಮುಚ್ಚು. ಮೊದಲ ಚೀಟಿ ಬಂದ ತಕ್ಷಣ ಎಲ್ಲಾ ಕ್ಲೈಂಟ್‌ಗಳೂ ಉದುರುತ್ತಿದ್ದರು, ಮತ್ತೆ ಬರುತ್ತಿದ್ದರು, ಮತ್ತೆ ಉದುರುತ್ತಿದ್ದರು. ನಾನು ಕಾರ್ಡ್ ಡ್ರೈವರ್ ಮೇಲೆ ಅನುಮಾನಪಟ್ಟು ಮೂರು ಕರ್ನಲ್ ಬದಲಾಯಿಸಿದೆ. ಕೊನೆಗೆ ನೋಡಿದರೆ ನಮ್ಮದೇ ಮೂರು ಸಾಲು.

ಇನ್ನೊಂದು ಎರಡು ದಿನ ಹೋದದ್ದು ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುವ ಟಿಸಿಪಿಡಂಪ್‌ಗೆ. ಚೀಟಿಯಲ್ಲಿ "ನಕಲಾಗಿದೆ" ಅನ್ನುವ ಗುರುತು ಒಂದಿದೆ, ಫ್ಲ್ಯಾಗ್ ಕೊಟ್ಟರೂ ಕರ್ನಲ್ ನಕಲೇ ಮಾಡಿದರೆ ಅದು ಬರುತ್ತದೆ. ಎಲ್ಲಾ ಚೀಟಿಯಲ್ಲೂ ಅದೇ ಬರುತ್ತಿತ್ತು, ಸಿಪಿಯು ಕೂಡ ಹಳೇ ಮಟ್ಟಕ್ಕೇ ಹೋಗಿತ್ತು. ಕಾರಣ ಹುಡುಕಲು ಇನ್ನೊಂದು ಕಿಟಕಿಯಲ್ಲಿ ಟಿಸಿಪಿಡಂಪ್ ಓಡಿಸಿಟ್ಟಿದ್ದೆ. ಅದೇ ಕಾರಣ! ಪ್ಯಾಕೆಟ್ ಸಾಕೆಟ್ ಇಣುಕಿ ನೋಡುತ್ತಿದ್ದರೆ ಅದಕ್ಕೂ ಒಂದು ನಕಲು ಆಗುತ್ತದೆ. ಕಳ್ಳನನ್ನು ಹಿಡಿಯಲು ಕೂರಿಸಿದ ಕಾವಲುಗಾರನೇ ಕಳ್ಳ.

ಇಷ್ಟಾದ ಮೇಲೆ 20 ಗಿಗಾಬಿಟ್ ದಾಟಿತು. ಖುಷಿಯಲ್ಲಿ ಎರಡು ಮಷೀನ್ ಲೈವ್‌ಗೆ ಬಿಟ್ಟೆ. ನಾಲ್ಕೈದು ದಿನಕ್ಕೆ ದೂರು ಬಂತು: ತುಂಡಿನ ಹ್ಯಾಶ್ (ಒಳಗಿನ ಡೇಟಾದ ಬೆರಳಚ್ಚು) ತಾಳೆ ಆಗುತ್ತಿಲ್ಲ. ಹತ್ತಾರು ಸಾವಿರಕ್ಕೆ ಒಂದು. ದಾರಿಯಲ್ಲಿ ಡೇಟಾ ಕೆಟ್ಟರೆ ಹಿಡಿಯುವ ಟಿಸಿಪಿ ಚೆಕ್‌ಸಮ್ ಎರರ್ ಒಂದೂ ಇಲ್ಲ. ಇರುವುದಾದರೂ ಹೇಗೆ? ಚೆಕ್‌ಸಮ್ ಹಾಕುವುದು ಕಾರ್ಡ್, ಅದೂ ಹೊರಗೆ ಹೋಗುವ ಗಳಿಗೆಯಲ್ಲಿ. ನಾನು ಬಫರನ್ನು ಬೇಗ ಬಿಟ್ಟುಕೊಟ್ಟು ಅದರ ಮೇಲೆ ಹೊಸ ತುಂಡು ಬಂದಿದ್ದರೆ, ಕಳೆದುಹೋದ ಪ್ಯಾಕೆಟ್ ಮರುಕಳಿಸುವಾಗ ಹೊಸ ಡೇಟಾ ಹೋಗುತ್ತದೆ, ಅದಕ್ಕೆ ಸರಿಯಾದ ಚೆಕ್‌ಸಮ್ಮೂ ಬೀಳುತ್ತದೆ. ತಪ್ಪು ಮಾಲಿಗೆ ಅಸಲಿ ಸೀಲು.

ಬೇಗ ಯಾಕೆ ಬಿಟ್ಟೆ? ಲೆಕ್ಕ ತಪ್ಪಿದ್ದೆ. ಕರ್ನಲ್ ಪ್ರತಿ ಸಾಕೆಟ್‌ಗೂ ಒಂದು ಎಣಿಕೆ ಇಟ್ಟಿರುತ್ತದೆ. ಫ್ಲ್ಯಾಗ್ ಹಾಕಿದ ಸೆಂಡ್ ಗೆದ್ದರೆ ಮಾತ್ರ ಒಂದು ಏರುತ್ತದೆ, ಅರ್ಧ ಹೋದರೂ ಒಂದೇ. ಸೋತರೆ ಏರಲ್ಲ. ನಾನು ಸೆಂಡ್ ಕರೆಯುವ ಮೊದಲೇ ನನ್ನ ಕಡೆಯ ಎಣಿಕೆ ಏರಿಸಿ, "ಈಗ ಜಾಗ ಇಲ್ಲ" ಅಂತ ವಾಪಸ್ ಬಂದಾಗ ಇಳಿಸಲು ಮರೆತಿದ್ದೆ, ಅದೂ ಒಂದೇ ಒಂದು ದಾರಿಯಲ್ಲಿ. ಮರೆತ ಮೇಲೆ ಸುಮ್ಮನೆ ಬಿಟ್ಟಿದ್ದರೆ ಬಫರ್ ತಡವಾಗಿ ಬಿಡುಗಡೆ ಆಗುತ್ತಿತ್ತು, ಅಷ್ಟೇ. ಆದರೆ ಎಣಿಕೆ ತಾಳೆ ಆಗದಿದ್ದಾಗ "ಸರಿಪಡಿಸುವ" ಬುದ್ಧಿವಂತ ಕೋಡ್ ಬೇರೆ ಬರೆದಿದ್ದೆ. ಹಾಳು ಮಾಡಿದ್ದು ಅದೇ. ಕೆಟ್ಟ ತುಂಡುಗಳನ್ನೆಲ್ಲ ಮತ್ತೆ ಕಳಿಸಬೇಕಾಯಿತು, ಆ ತಿಂಗಳು ಟ್ರಾಫಿಕ್ ಬಿಲ್ ಮಿತಿ ದಾಟಿತು. ಮೀಟಿಂಗ್‌ನಲ್ಲಿ ನನ್ನ ಕಡೆ ಯಾರೂ ನೋಡಲಿಲ್ಲ, ಅದು ಬೈಗುಳಕ್ಕಿಂತ ಕೆಟ್ಟದ್ದು.

ಚೀಟಿಗಳು ಸಾಲಾಗಿಯೇ ಬರುತ್ತವೆ ಅಂತಲೂ ನಂಬಬೇಡಿ. ಹೆಚ್ಚಾಗಿ ಬರುತ್ತವೆ. ಮರುಕಳಿಸುವಾಗ, ಕನೆಕ್ಷನ್ ಮುಚ್ಚುವಾಗ ಹಿಂದೆಮುಂದೆ ಆಗಬಹುದು. ನಾನು ಈಗ ಪ್ರತಿ ಸಾಕೆಟ್‌ಗೂ ಒಂದು ಪುಟ್ಟ ಪಟ್ಟಿ ಇಟ್ಟಿದ್ದೇನೆ, ಯಾವ ನಂಬರು ಯಾವ ತುಂಡಿಗೆ ಅಂತ. ತುಂಡಿಗೆ ಒಂದು ರೆಫರೆನ್ಸ್ ಎಣಿಕೆ. ಇನ್ನೂರನೆಯವನ ಚೀಟಿ ಬಂದ ಮೇಲೇ ಬಫರ್ ಮುಕ್ತ.

ಇಲ್ಲೇ ಮುಂದಿನ ಗುಂಡಿ ಇತ್ತು. ನಿಧಾನ ಕ್ಲೈಂಟ್! ಆ ಕಡೆಯಿಂದ ಎಸಿಕೆ (ತಲುಪಿತು ಅನ್ನುವ ಉತ್ತರ) ಬರುವವರೆಗೆ ಚೀಟಿ ಇಲ್ಲ. ನಕಲು ಮಾಡುವ ಹಳೇ ಪದ್ಧತಿಯಲ್ಲಿ ಅವನ ಪಾಲು ಅವನ ಸಾಕೆಟ್ ಬಫರ್‌ನಲ್ಲಿ ಕೂತಿರುತ್ತಿತ್ತು, ನಮ್ಮ ಬಫರ್ ಖಾಲಿಯಾಗುತ್ತಿತ್ತು. ಈಗ ಒಬ್ಬ ಸೋಮಾರಿ 64 ಕೆಬಿ ಬಾಕಿ ಇಟ್ಟುಕೊಂಡರೆ ಇಡೀ ಒಂದು ಎಂಬಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಅಂಥ ಹತ್ತು ಜನ ಬೇರೆ ಬೇರೆ ತುಂಡಿನಲ್ಲಿ ಸಿಕ್ಕಿಕೊಂಡರೆ? ಒಂದು ರಾತ್ರಿ ಮೆಮೊರಿ ತುಂಬಿ ಪ್ರೊಸೆಸ್ಸೇ ಸತ್ತಿತು. ಈಗ ಹಿಂದೆ ಬಿದ್ದವರಿಗೆ ನಕಲು ಮಾಡಿಯೇ ಕಳಿಸುತ್ತೇನೆ. ಫ್ಲ್ಯಾಗ್ ಪ್ರತಿ ಸೆಂಡ್‌ಗೂ ಬೇರೆ ತಾನೇ, ಒಂದೇ ಸಾಕೆಟ್‌ನಲ್ಲಿ ಎರಡನ್ನೂ ಬೆರೆಸಬಹುದು. ಯಾರು ಹಿಂದೆ ಬೀಳುತ್ತಾರೆ ಅಂತ ಬೀಳುವ ಮೊದಲೇ ಹೇಗೆ ಗೊತ್ತುಮಾಡುತ್ತೇನೆ ಅನ್ನುವುದನ್ನು ಮಾತ್ರ ಕೇಳಬೇಡಿ. ಅದಕ್ಕೆ ಆರು ವಾರ ಹೋಗಿದೆ, ನಮ್ಮ ಹೊಟ್ಟೆಪಾಡು ಅದರಲ್ಲೇ ಇದೆ. ಟಿಸಿಪಿ-ಇನ್ಫೋ (ಕನೆಕ್ಷನ್‌ನ ಸ್ಥಿತಿ ಬಗ್ಗೆ ಕರ್ನಲ್ ಕೊಡುವ ಲೆಕ್ಕ) ಕಡೆ ನೋಡಿ ಅಂತ ಅಷ್ಟು ಹೇಳಬಲ್ಲೆ.

ಚಿಕ್ಕಪುಟ್ಟವು ಬೇಗ ಹೇಳಿ ಮುಗಿಸುತ್ತೇನೆ. ಚಿಕ್ಕ ಸೆಂಡ್‌ಗೆ ಇದು ನಷ್ಟ. ಕರ್ನಲ್ ದಾಖಲೆಯಲ್ಲೇ ಸುಮಾರು 10 ಕೆಬಿ ಮೇಲಾದರೆ ಮಾತ್ರ ಲಾಭ ಅಂತಿದೆ, ನನ್ನ ಮಷೀನ್‌ಗಳಲ್ಲಿ 16ರ ಹತ್ತಿರ ಸಮ ಬಂತು. ಹೆಡರ್ 40 ಬೈಟನ್ನು ಮಾಮೂಲಿಯಾಗಿ ಎಂಎಸ್‌ಜಿ-ಮೋರ್ (ಹಿಂದೆ ಇನ್ನೂ ಇದೆ ಅನ್ನುವ ಫ್ಲ್ಯಾಗ್) ಹಾಕಿ ಕಳಿಸಿ, ಹಿಂದೆಯೇ ತುಂಡನ್ನು 256 ಕೆಬಿಯಂತೆ ಕಳಿಸುತ್ತೇನೆ. ಎನೋಬಫ್ಸ್ (ಬಫರ್ ಜಾಗ ಸಾಲದು ಅನ್ನುವ ಎರರ್) ಬಂದರೆ ಗಾಬರಿ ಬೇಡ, ಸಾಕೆಟ್‌ನ ಮೇಲುಖರ್ಚಿನ ಮೆಮೊರಿಗೆ ಮಿತಿ ಹಾಕುವ ಆಪ್ಟ್‌ಮೆಮ್-ಮ್ಯಾಕ್ಸ್ ನೋಡಿ. ನಮ್ಮ ಕರ್ನಲ್‌ನಲ್ಲಿ ಅದು 20 ಕೆಬಿ ಇತ್ತು, ಬಾಕಿ ಚೀಟಿಗಳ ಲೆಕ್ಕ ಅದರಲ್ಲೇ ಬೀಳುತ್ತದೆ. ಲಾಕ್ ಮಾಡುವ ಮೆಮೊರಿಯ ಮಿತಿಯನ್ನೂ ಏರಿಸಿ. ತುಂಡುಗಳನ್ನು 2 ಎಂಬಿಯ ದೊಡ್ಡ ಪುಟಗಳಲ್ಲಿ ಇಟ್ಟ ಮೇಲೆ ಪಿನ್ ಮಾಡುವ ಖರ್ಚು ಕಣ್ಣಿಗೆ ಕಾಣುವಷ್ಟು ಇಳಿಯಿತು.

ಹನ್ನೆರಡರಲ್ಲಿ ಎರಡು ಮಷೀನ್ ಮಾತ್ರ ಏನು ಮಾಡಿದರೂ ಮೇಲೇಳಲಿಲ್ಲ. ಅದೇ ಕಾರ್ಡ್, ಅದೇ ಕರ್ನಲ್, ಚೀಟಿ ತುಂಬಾ "ನಕಲಾಗಿದೆ". ಕಾರ್ಡ್‌ನ ಸೆಟ್ಟಿಂಗ್ ತೋರಿಸುವ ಎಥ್‌ಟೂಲ್ ಹಾಕಿ ನೋಡಿದರೆ ಸ್ಕ್ಯಾಟರ್-ಗ್ಯಾದರ್ ಆಫ್! ಅದು ಇಲ್ಲದಿದ್ದರೆ ಚದುರಿದ ಪುಟಗಳನ್ನು ಕಾರ್ಡ್ ನೇರವಾಗಿ ಎತ್ತಿಕೊಳ್ಳಲಾರದು, ಕರ್ನಲ್ ಮಾತಾಡದೆ ನಕಲು ಮಾಡುತ್ತದೆ. ಹಳೇ ಕಾಲದ ಯಾವುದೋ ಡ್ರೈವರ್ ತೊಂದರೆಗೆ ಅಂತ ಬೂಟ್ ಸ್ಕ್ರಿಪ್ಟ್‌ನಲ್ಲಿ ಒಂದು ಸಾಲು ಸೇರಿತ್ತು. ಆ ತೊಂದರೆ ಹೋಗಿ ಎಷ್ಟೋ ವರ್ಷ ಆಗಿದೆ, ಸಾಲು ಮಾತ್ರ ಉಳಿದಿತ್ತು.

ಈಗಿನ ಸ್ಥಿತಿ: ಅದೇ ಹಳೇ ಮಷೀನ್‌ನಲ್ಲಿ 22-23 ಗಿಗಾಬಿಟ್, ಎರಡು ಕೋರ್ ಸುಮಾರು ಶೇಕಡಾ 70ರಲ್ಲಿ. ಪರ್ಫ್‌ನಲ್ಲಿ ನಕಲು ಶೇಕಡಾ 4-5, ಅದೂ ನಾನೇ ನಕಲು ಮಾಡಿಸುವ ನಿಧಾನದವರಿಂದ. ಹನ್ನೆರಡು ಮಷೀನ್ ಎಂಟಾದವು. ಬಾಡಿಗೆಯಲ್ಲಿ ಮೂರನೇ ಒಂದು ಪಾಲು ಉಳಿಯಿತು. ಪರೀಕ್ಷೆಗೆ ತಗೊಂಡ ಜೋಡಿ, ಟ್ರಾಫಿಕ್ ದಂಡ ಎಲ್ಲಾ ಸೇರಿಸಿದರೂ ಎರಡು ತಿಂಗಳಲ್ಲಿ ವಸೂಲಿ. ನನ್ನ ಸಂಬಳ ಸೇರಿಸಿದರೆ ಸ್ವಲ್ಪ ಜಾಸ್ತಿ ಆಗಬಹುದು, ಅದನ್ನು ಯಾರೂ ಕೇಳಿಲ್ಲ.

ಐಓ-ಯೂರಿಂಗ್‌ನಲ್ಲೂ (ಕರ್ನಲ್‌ಗೆ ಕೆಲಸಗಳನ್ನು ಸಾಲಾಗಿ ಒಪ್ಪಿಸುವ ಇನ್ನೊಂದು ದಾರಿ) ಇದೇ ಕೆಲಸ ಮಾಡುವ ಸೆಂಡ್ ಲಿನಕ್ಸ್ 6.0ರಿಂದ ಇದೆ. ಅಲ್ಲಿ ಬಫರನ್ನು ಮೊದಲೇ ನೋಂದಾಯಿಸಿಬಿಟ್ಟರೆ ಪ್ರತಿ ಸಲ ಪಿನ್ ಮಾಡುವ ಕೆಲಸವೇ ಇಲ್ಲ, ಎರರ್ ಕ್ಯೂ ಗೋಜೂ ಇಲ್ಲ. ಒಂದು ಸೆಂಡ್‌ಗೆ ಎರಡು ಉತ್ತರ ಬರುತ್ತದೆ: ಸಾಲಿಗೆ ಹಾಕಿದೆ ಅಂತ ಒಂದು, ಇನ್ನು ಬಫರ್ ನಿನ್ನದು ಅಂತ ಇನ್ನೊಂದು. ಮೊದಲನೆಯದು ಬಂದ ಕೂಡಲೇ ಬಫರ್ ಮುಟ್ಟಿದರೆ ಮತ್ತೆ ಅದೇ ಹ್ಯಾಶ್ ಕಥೆ ಶುರು. ಪರೀಕ್ಷೆಯ ಮಷೀನ್‌ನಲ್ಲಿ ಇನ್ನೂ ಐದಾರು ಪರ್ಸೆಂಟ್ ಸಿಪಿಯು ಉಳಿಯುತ್ತಿದೆ. ಆ ಮೂವರಲ್ಲಿ ಒಬ್ಬರು ಮೊನ್ನೆ ಬಂದು, ಡೇಟಾ ಬರುವ ಕಡೆಯೂ ಹೀಗೆ ಮಾಡಬಹುದಲ್ವಾ ಅಂತ ಕೇಳಿದರು. ಅಲ್ಲಿ ಹೆಡರ್ ಬೇರೆಯಾಗಿ, ಡೇಟಾ ಸರಿಯಾಗಿ ಪುಟದ ಅಂಚಿಗೆ ಬಂದು ಕೂರಬೇಕು. ಅದನ್ನು ನೀವೇ ಶುರು ಮಾಡಿ ಅಂತ ಆ ಪರೀಕ್ಷೆಯ ಜೋಡಿಯ ಪಾಸ್‌ವರ್ಡ್ ಕೊಟ್ಟು ಬಂದಿದ್ದೇನೆ.