ಆಲೆಮನೆ ಕೊಪ್ಪರಿಗೆಗೆ ಕಾಕಂಬಿ ಹಿಡಿಸಿದ ಕಥೆ

ಮಂಡ್ಯದೊಳಗೆ ಹಾದುಹೋಗುವ ಹಳೇ ಬೆಂಗಳೂರು–ಮೈಸೂರು ರಸ್ತೆಯ ಒಂದು ವೃತ್ತದಲ್ಲಿ ನನ್ನ ಕಬ್ಬಿಣದ ಶಿಲ್ಪ ನಿಂತು ಎರಡು ಮಳೆಗಾಲ ಕಳೆಯಿತು. ಎಲ್ಲೂ ಬಣ್ಣ ಎದ್ದಿಲ್ಲ. ಅದರ ತುಕ್ಕು ತೆಗೆದದ್ದು ಕಾಕಂಬಿಯಿಂದ, ಅಂದರೆ ಸಕ್ಕರೆ ಮಾಡಿದ ಮೇಲೆ ಉಳಿಯುವ ಕಪ್ಪು ಪಾಕದಿಂದ. "ಕಾಕಂಬಿಯಲ್ಲಿ ತುಕ್ಕು ಹೋಗುತ್ತಾ?" ಎಂದು ನಕ್ಕಿದ್ದ ಗೆಳೆಯರು ಈಗ ಅಳತೆ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನನಗೆ ಹೊಸ ಪ್ಲೇಟ್ ಬೇಡವಾಗಿತ್ತು. ಆಲೆಮನೆಯಲ್ಲಿ ಬೆಲ್ಲ ಕಾಯಿಸುವ ಹಳೇ ಕೊಪ್ಪರಿಗೆಯೇ ಬೇಕಿತ್ತು. ವರ್ಷಗಟ್ಟಲೆ ಬೆಂಕಿ ಕಂಡ ಆ ಬಾಗು ಯಾವ ರೋಲಿಂಗ್ ಮೆಷಿನ್‌ನಲ್ಲೂ ಬರುವುದಿಲ್ಲ. ಗುಜರಿಯಲ್ಲಿ ಕೆಜಿಗೆ 35 ರೂಪಾಯಿಯಂತೆ ನಾಲ್ಕು ತಂದೆ. ಹೆಚ್ಚುಕಮ್ಮಿ 22 ಸಾವಿರ ಆಯಿತು.

ಮೊದಲು ಆಸಿಡ್ ಬಳಿದೆ. ತುಕ್ಕು ಹೋಯಿತು, ಮಾರನೇ ಬೆಳಗ್ಗೆ ಮತ್ತೆ ಕೆಂಪಗಾಯಿತು. ಪ್ರೈಮರ್ ಹೊಡೆದ ಎರಡು ತುಂಡು ತಿಂಗಳೊಳಗೆ ಗುಳ್ಳೆ ಎದ್ದವು. ಆಮೇಲೆ ಮರಳು ರಭಸದಿಂದ ಹೊಡೆದು ತುಕ್ಕು ಕೀಳುವ ಸ್ಯಾಂಡ್ ಬ್ಲಾಸ್ಟಿಂಗ್‌ಗೆ ಕೊಟ್ಟೆ. ತೆಳುವಾದ ತುಂಡೊಂದು ಸೊಟ್ಟಗಾಗಿ ಬಂತು. ಉಳಿದದ್ದಕ್ಕೆ 60 ಸಾವಿರ ಕೇಳಿದರು. ಶಿಲ್ಪಕ್ಕೆಂದು ಬಂದಿದ್ದ ಮುಂಗಡ ಆಗಲೇ ಖಾಲಿಯಾಗಿತ್ತು. ಹೆಂಡತಿಯ ಚೀಟಿ ದುಡ್ಡಿಗೆ ಕೈ ಹಾಕಿದ ರಾತ್ರಿ ನಿದ್ದೆ ಬರಲಿಲ್ಲ.

ಕೊನೆಗೆ ಶೆಡ್ ಹಿಂದೆ ಎಂಟು ಅಡಿ ಉದ್ದ, ಐದು ಅಡಿ ಅಗಲದ ಗುಂಡಿ ತೋಡಿ ಟಾರ್ಪಾಲು ಹಾಸಿದೆ. ದನದ ಮೇವಿಗೆ ಮಾರುವ ಕಾಕಂಬಿ 200 ಕೆಜಿ, ಐದು ಸಾವಿರದೊಳಗೇ ಸಿಕ್ಕಿತು. ಒಂದು ಪಾಲಿಗೆ ಒಂಬತ್ತು ಪಾಲು ನೀರು. ಮೊದಲ ಹತ್ತು ದಿನ ದಂಡ. ಜಿಡ್ಡು, ಮಸಿ ತೆಗೆಯದೆ ಸುಮ್ನೆ ಮುಳುಗಿಸಿದ್ದೆ. ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ಚೆನ್ನಾಗಿ ತಿಕ್ಕಿ ಮತ್ತೆ ಹಾಕಿದೆ. ಹನ್ನೆರಡನೇ ದಿನ ಎತ್ತಿ ಪೈಪ್ ನೀರು ಬಿಟ್ಟರೆ ಬೂದು ಬಣ್ಣದ ಶುದ್ಧ ಕಬ್ಬಿಣ! ಹಳೇ ಸುತ್ತಿಗೆ ಏಟಿನ ಗುರುತೂ ಹಾಗೇ ಉಳಿದಿತ್ತು. ವಾಸನೆ ಜಾಸ್ತಿ, ಅಕ್ಕಪಕ್ಕದವರಿಗೆ ಮೊದಲೇ ಹೇಳಿಬಿಡಿ.

ತೊಳೆದು ಒಣಗಿಸಿದ ದಿನವೇ ಜಿಂಕ್ ಪ್ರೈಮರ್ ಬೀಳಬೇಕು. ಕೊನೆಯ ತೊಳೆಯುವ ನೀರಿಗೆ ನಾನೊಂದು ವಸ್ತು ಬೆರೆಸುತ್ತೇನೆ. ಅದನ್ನು ಇಲ್ಲಿ ಹೇಳುವುದಿಲ್ಲ.

ಕುತೂಹಲಕ್ಕೆ ಗ್ಯಾಲ್ವನೈಸ್ಡ್ ಬೋಲ್ಟ್‌ಗಳನ್ನೂ ಅದೇ ಗುಂಡಿಗೆ ಹಾಕಿದ್ದೆ. ಸತುವಿನ ಲೇಪವೆಲ್ಲ ಹೋಯಿತು. ಚಳಿಗಾಲದಲ್ಲಿ ಇನ್ನೊಂದು ತುಂಡಿಗೆ 20 ದಿನ ಹಿಡಿಯಿತು.

ಶಿಲ್ಪವನ್ನು ವೃತ್ತದಲ್ಲಿ ನಿಲ್ಲಿಸಲು ಕ್ರೇನ್ ತಂದದ್ದು ರಾತ್ರಿ ಎರಡು ಗಂಟೆಗೆ. ಹಗಲು ಬಸ್ಸುಗಳ ನಡುವೆ ಸಾಧ್ಯವೇ ಇಲ್ಲ. ಎತ್ತರ 11 ಅಡಿ. ಐದು ಬಾಗು ಒಂದಕ್ಕೊಂದು ಒರಗಿವೆ, ಅಷ್ಟೇ. ಕೈಗೆಟುಕುವ ಅಂಚನ್ನೆಲ್ಲ ಉಜ್ಜಿ ಗುಂಡಗೆ ಮಾಡಿದ್ದೇನೆ, ಮಕ್ಕಳು ಮುಟ್ಟುತ್ತಾರಲ್ವಾ. ಬುಡದಲ್ಲಿ ನೀರು ಇಳಿಯಲು ಮೂರು ತೂತು ಬಿಟ್ಟಿದ್ದೆ. ಅದರಲ್ಲಿ ಒಂದು ತೂತು ಬಸ್ ಟಿಕೆಟ್, ಎಲೆಗಳಿಂದ ಕಟ್ಟಿಕೊಂಡಿತ್ತು. ಕಳೆದ ಶ್ರಾವಣದಲ್ಲಿ ಅದನ್ನು ಎರಡು ಬೆರಳಷ್ಟು ದೊಡ್ಡದು ಮಾಡಿ ಬಂದೆ.