ಪಂಚಾಯಿತಿ ಗೋಡೆಗೆ ಬಂದ ಅಂಕಿ

ಕಲಬುರಗಿ ಜಿಲ್ಲೆಯ ಕಮಲಾಪುರ ಭಾಗದ ಒಂದು ರೈತ ಉತ್ಪಾದಕ ಕಂಪನಿಯಲ್ಲಿ ನಾನು ಲೆಕ್ಕ ನೋಡಿಕೊಳ್ಳುತ್ತೇನೆ. ತೊಗರಿ ಖರೀದಿ, ಬೀಜ, ಗೊಬ್ಬರದ ಲೆಕ್ಕ. ಸರ್ಕಾರದ ಅಂಕಿಅಂಶಗಳ ಬೆನ್ನು ಹತ್ತಿದ್ದು ಒಂದೇ ಒಂದು ಪ್ರಶ್ನೆಯಿಂದ. ಮಗ್ಗುಲ ಪಂಚಾಯಿತಿಗೆ ತೊಗರಿ ವಿಮೆ ಬಂದಿತ್ತು, ನಮಗೆ ಬಂದಿರಲಿಲ್ಲ. ಬದು ಒಂದೇ, ಮಳೆ ಒಂದೇ, ಎರಡೂ ಕಡೆ ಗಿಡ ಒಣಗಿಸುವ ನೆಟೆ ರೋಗ. "ಅಕ್ಕಾರ, ನೀವು ದಿನಾ ಕಂಪ್ಯೂಟರ್ ಮುಂದ ಕೂಡ್ತೀರಿ. ಯಾಕ ಬರ್ಲಿಲ್ಲ ನೋಡಿ ಹೇಳ್ರಿ" ಅಂತ ಹತ್ತಾರು ಜನ ಬಂದು ಬಾಗಿಲಲ್ಲಿ ನಿಂತರು.

ಪ್ರಧಾನಮಂತ್ರಿ ಫಸಲ್ ಬಿಮಾ ಬೆಳೆ ವಿಮೆಯಲ್ಲಿ ಇಳುವರಿ ನಷ್ಟದ ಪರಿಹಾರ ಒಬ್ಬೊಬ್ಬರ ಹೊಲ ನೋಡಿ ಕೊಡುವಂಥದ್ದಲ್ಲ ಎಂಬುದು ಅವರಲ್ಲಿ ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ. ನನಗೂ ಅರ್ಧಂಬರ್ಧ ಗೊತ್ತಿತ್ತು. ಹಿಂದಿನ 7 ವರ್ಷಗಳಲ್ಲಿ ಚೆನ್ನಾಗಿ ಬಂದ 5 ವರ್ಷಗಳ ಸರಾಸರಿ ಹಿಡಿದು, ಅದರಿಂದ ಖಾತರಿ ಇಳುವರಿ ಅಂತ ಒಂದು ಅಂಕಿ ಕಟ್ಟುತ್ತಾರೆ. ಆ ವರ್ಷ ಪಂಚಾಯಿತಿಯ ಆಯ್ದ ಕೆಲವು ಹೊಲಗಳಲ್ಲಿ ಬೆಳೆ ಕಟಾವು ಪ್ರಯೋಗ ಮಾಡಿ ತೂಗುತ್ತಾರೆ. ತೂಗಿದ್ದು ಖಾತರಿಗಿಂತ ಕಡಿಮೆ ಬಿದ್ದರೆ ಕೊರತೆ ಎಷ್ಟೋ ಅಷ್ಟರ ಪ್ರಮಾಣದಲ್ಲಿ ಪರಿಹಾರ. ಈ ಎರಡೂ ಅಂಕಿ ರಾಜ್ಯದ ಬೆಳೆ ವಿಮೆಯ ಸಂರಕ್ಷಣೆ ಪೋರ್ಟಲ್‌ನಲ್ಲಿ ಸಿಕ್ಕವು. ಆದರೆ ಅಲ್ಲಿರುವುದು ಹೆಕ್ಟೇರಿಗೆ ಇಷ್ಟು ಕಿಲೋ ಎಂಬ ಲೆಕ್ಕ. ನಮ್ಮ ಜನ ಮಾತಾಡುವುದು ಎಕರೆಗೆ ಇಷ್ಟು ಕ್ವಿಂಟಲ್ ಅಂತ. ನಮ್ಮ ಪಂಚಾಯಿತಿಯಲ್ಲಿ ತೂಗಿದ ಇಳುವರಿ 741 ಕಿಲೋ ಅಂದಾಗ ಯಾರ ಮುಖದಲ್ಲೂ ಏನೂ ಕಾಣಲಿಲ್ಲ. "ಎಕರೆಗೆ ಮೂರು ಕ್ವಿಂಟಲ್" ಅಂದ ಕೂಡಲೇ ಹಿಂದಿನ ಸಾಲಿನಿಂದ ಒಬ್ಬರು ಎದ್ದು, "ಯಾರ ಹೊಲದಾಗ ಬಂತ್ರಿ ಮೂರು?" ಅಂದರು. 2.47ರಿಂದ ಭಾಗಿಸುವುದು ಸಣ್ಣ ಕೆಲಸ, ಆದರೆ ಅದಾಗುವ ತನಕ ಆ ಅಂಕಿ ನಮ್ಮೂರಿಗೆ ಬಂದಿರಲೇ ಇಲ್ಲ.

ಯಾರ ಹೊಲ ಎಂಬ ಪ್ರಶ್ನೆಗೆ ಪೋರ್ಟಲ್‌ನಲ್ಲಿ ನನಗೆ ಉತ್ತರ ಸಿಗಲಿಲ್ಲ. 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. 30 ದಿನ ಅನ್ನುವ ಗಡುವು ದಾಟಿ, ಮೇಲ್ಮನವಿಯ ನಂತರ ಬಂದದ್ದು ಜೆರಾಕ್ಸ್ ತೆಗೆದು, ಅದನ್ನು ಮತ್ತೆ ಸ್ಕ್ಯಾನ್ ಮಾಡಿದ ಪಿಡಿಎಫ್. ದತ್ತಾಂಶವನ್ನು ಮನುಷ್ಯರೂ ಓದಬೇಕು, ಯಂತ್ರವೂ ಓದಬೇಕು ಎಂದು ಕೇಂದ್ರದ ದತ್ತಾಂಶ ಹಂಚಿಕೆ ನೀತಿ 2012ರಲ್ಲೇ ಹೇಳಿದೆ. ನನ್ನ ಕೈಗೆ ಬಂದ ಹಾಳೆಯನ್ನು ಮನುಷ್ಯರೇ ಕಷ್ಟಪಟ್ಟು ಓದಬೇಕಿತ್ತು. ಕಣ್ಣು ಕಿರಿದು ಮಾಡಿಕೊಂಡು ಒಂದೊಂದೇ ಸರ್ವೆ ನಂಬರ್ ಬರೆದುಕೊಂಡೆ.

ಹಳೆಯ ವರ್ಷಗಳ ಅಂಕಿ ಜೋಡಿಸುವಾಗ ಇನ್ನೂ ದೊಡ್ಡ ತೊಡಕು. 2014ರ ನವೆಂಬರ್ 1ರ ಹಿಂದಿನ ಕಡತಗಳಲ್ಲಿ ಜಿಲ್ಲೆ ಗುಲಬರ್ಗಾ, ಆಮೇಲೆ ಕಲಬುರಗಿ. ಕಮಲಾಪುರ ಹೊಸ ತಾಲ್ಲೂಕಾದ ಮೇಲೆ ನಮ್ಮ ಊರುಗಳು ಒಂದು ಕಡತದಲ್ಲಿ ಕಲಬುರಗಿ ತಾಲ್ಲೂಕಿನ ಕೆಳಗೆ, ಇನ್ನೊಂದರಲ್ಲಿ ಕಮಲಾಪುರದ ಕೆಳಗೆ. ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಬಗೆ ಬರೆದಿದ್ದಾರೆ. ಕನ್ನಡದಲ್ಲಿ ಇದ್ದವು ಹಳೆಯ ನುಡಿ ಫಾಂಟಿನವು, ನಕಲು ಮಾಡಿ ಕಂಪ್ಯೂಟರಿನ ಲೆಕ್ಕದ ಹಾಳೆಗೆ ಹಾಕಿದರೆ ಅರ್ಥವಿಲ್ಲದ ಗುರುತುಗಳ ರಾಶಿ. ಕೊನೆಗೆ ಕೈಹಿಡಿದದ್ದು ಕೇಂದ್ರ ಸರ್ಕಾರದ ಸ್ಥಳೀಯ ಸಂಸ್ಥೆಗಳ ಡೈರೆಕ್ಟರಿಯಲ್ಲಿ ಪ್ರತಿ ಊರಿಗೆ, ಪ್ರತಿ ಪಂಚಾಯಿತಿಗೆ ಕೊಟ್ಟಿರುವ ಕೋಡ್ ಸಂಖ್ಯೆ. ಹೆಸರು ಬಿಟ್ಟು ಕೋಡ್ ಹಿಡಿದು ಜೋಡಿಸಿದ ಮೇಲೆ ಸಾಲುಗಳು ಒಂದಕ್ಕೊಂದು ಕೂಡಿದವು. ಈ ಕೆಲಸಕ್ಕೆ ಇಳಿಯುವವರಿಗೆ ನಾನು ಮೊದಲು ಹೇಳುವುದೇ ಇದು: ಕೋಡ್ ಇಲ್ಲದ ಕಡತವನ್ನು ಹಾಗೇ ಬಳಸಬೇಡಿ, ಮೊದಲು ಕೋಡ್ ಹಚ್ಚಿ.

ಮಳೆ ಲೆಕ್ಕ ಕಲಿಸಿದ ಪಾಠ ಬೇರೆ. ಎಲ್ಲಿಂದಲೋ ಇಳಿಸಿಕೊಂಡ ಒಂದು ಕಡತದಲ್ಲಿ ಶ್ರಾವಣದ ನಾಲ್ಕು ದಿನ ಸಾಲಾಗಿ ಸೊನ್ನೆ ಇತ್ತು. ಅದನ್ನೇ ದೊಡ್ಡ ಅಕ್ಷರದಲ್ಲಿ ಬರೆದು ಪಂಚಾಯಿತಿ ಕಟ್ಟೆಯ ಮುಂದೆ ಹಚ್ಚಿದ್ದೆ. ನಮ್ಮ ಓಣಿಯ ಕಾಕಾ ಒಬ್ಬರು ಊರುಗೋಲು ಗೋಡೆಗೆ ಆನಿಸಿ, ಬೆರಳಿಟ್ಟು ಓದಿ, "ಪಂಚಮಿ ಜೋಕಾಲಿ ಹಗ್ಗ ತೊಯ್ದು ಭಾರ ಆಗಿತ್ತಲ್ಲವ್ವಾ, ಸೊನ್ನಿ ಹ್ಯಾಂಗ ಆಗ್ತದ?" ಅಂದರು. ಹೋಗಿ ಹುಡುಕಿದರೆ ಆ ದಿನಗಳಲ್ಲಿ ಮಾಪನ ಕೇಂದ್ರದಿಂದ ವರದಿಯೇ ಬಂದಿರಲಿಲ್ಲ. ಖಾಲಿ ಜಾಗಕ್ಕೆ ಯಾರೋ ಸೊನ್ನೆ ತುಂಬಿದ್ದರು. ಮಳೆ ಬರಲಿಲ್ಲ ಎನ್ನುವುದೂ ಮಾಹಿತಿ ಬರಲಿಲ್ಲ ಎನ್ನುವುದೂ ಒಂದೇ ಅಲ್ಲ. ರೈತನಿಗೆ ಆ ವ್ಯತ್ಯಾಸದ ಬೆಲೆ ರೂಪಾಯಿಯಲ್ಲಿ ಗೊತ್ತು. ಅಂದಿನಿಂದ ಊರಿನ ಇಬ್ಬರು ಹಿರಿಯರಿಗೆ ಓದಿ ಹೇಳದೆ ಯಾವ ಅಂಕಿಯನ್ನೂ ನಾನು ಹಚ್ಚುವುದಿಲ್ಲ.

ಅದಕ್ಕಿಂತ ದೊಡ್ಡ ತಪ್ಪು ನನ್ನದೇ ಇದೆ. ಹಿಂದಿನ ಒಂದು ಹಂಗಾಮಿನಲ್ಲಿ ಪರಿಹಾರ ಬಂದವರ ಹೆಸರು, ಮೊತ್ತ ಎಲ್ಲ ಇರುವ ಪಟ್ಟಿ ಸಿಕ್ಕಿತ್ತು. ಎಲ್ಲರಿಗೂ ತಿಳಿಯಲಿ ಅಂತ ಹಾಗೇ ಹಚ್ಚಿದೆ. ಮೂರನೇ ದಿನ ಬೆಳಿಗ್ಗೆ ಗಂಡ ಇಲ್ಲದ ಒಬ್ಬ ಹೆಣ್ಣುಮಗಳು ಸೆರಗು ಬಿಗಿದುಕೊಂಡು ಬಂದು, "ಅಕ್ಕಾರ, ನನ್ನ ಹೆಸರು ಅಳಸ್ರಿ. ಸಾಲದವರು ರಾತ್ರಿನೇ ಬಂದು ಕುಂತಾರ" ಅಂದಳು. ಆ ಕ್ಷಣವೇ ಪಟ್ಟಿ ಕಿತ್ತೆ. ಎಷ್ಟು ಜನಕ್ಕೆ ಬಂತು, ಒಟ್ಟು ಎಷ್ಟು, ಎಷ್ಟು ಅರ್ಜಿ ಯಾವ ಕಾರಣಕ್ಕೆ ತಿರಸ್ಕಾರ ಆದವು ಎಂಬುದಷ್ಟೇ ಈಗ ಗೋಡೆಗೆ ಬರುತ್ತದೆ. ತಮ್ಮ ಅರ್ಜಿಯ ಸ್ಥಿತಿ ಬೇಕಾದವರಿಗೆ ಎದುರಿಗೆ ಕೂರಿಸಿ ತೋರಿಸುತ್ತೇನೆ.

ಹಾಗಂತ ಖಾಸಗಿ ಮಾಹಿತಿ ಎಂಬ ಮಾತನ್ನು ಗುರಾಣಿ ಮಾಡಿಕೊಳ್ಳುವುದನ್ನೂ ನಾನು ಒಪ್ಪುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ವೈಯಕ್ತಿಕ ಮಾಹಿತಿ ಕೊಡದಿರಲು ಅವಕಾಶ ಕೊಡುವ ಮಾಹಿತಿ ಹಕ್ಕಿನ 8(1)(ಜೆ) ಕಲಮನ್ನು ಬಿಗಿ ಮಾಡಿದೆ. ಸಾರ್ವಜನಿಕ ಹಿತ ದೊಡ್ಡದಾದರೆ ಕೊಡಬಹುದು ಎನ್ನುವ 8(2) ಇನ್ನೂ ಇದೆ, ಅರ್ಜಿಯಲ್ಲಿ ಅದನ್ನು ಬರೆದೇ ಕೇಳಬೇಕು. ಬಡವಳ ಖಾತೆಯ ಮೊತ್ತ ಮುಚ್ಚಿಡಲಿ. ಕಟಾವು ಪ್ರಯೋಗದ ಸರ್ವೆ ನಂಬರ್ ಮುಚ್ಚಿಡಬಾರದು.

ಆ ಸರ್ವೆ ನಂಬರ್‌ಗಳನ್ನು ಊರವರ ಮುಂದೆ ಓದಿದಾಗ ಒಂದು ನಂಬರಿಗೆ ಎಲ್ಲರೂ ಒಟ್ಟಿಗೆ ನಕ್ಕರು. ಬಾವಿ ನೀರು ಹಾಯುವ ಹೊಲ ಅದು. ಹೊಲಗಳನ್ನು ಆರಿಸುವುದು ಚೀಟಿ ಎತ್ತಿದ ಹಾಗೆ, ಆದ್ದರಿಂದ ಚೆನ್ನಾಗಿ ಬೆಳೆಯುವ ಹೊಲ ಬಂತು ಎಂಬ ಒಂದೇ ಕಾರಣಕ್ಕೆ ತಕರಾರು ನಿಲ್ಲುವುದಿಲ್ಲ ಎಂದು ಹೇಳಬೇಕಾಯಿತು. ಹೇಳುವಾಗ ನನಗೇ ಸಂಕಟ. ಆ ವರ್ಷದ ಹಣ ಬರಲಿಲ್ಲ.

ಆದರೆ ಮುಂದಿನ ಹಂಗಾಮಿನಲ್ಲಿ ಕಟಾವಿನ ದಿನ ಹೊಲದ ಬದುವಿನ ಮೇಲೆ ಹನ್ನೊಂದು ಜನ ನಿಂತಿದ್ದರು. ಗೂಟ ಬಡಿದು ಹಗ್ಗ ಎಳೆದು ಚೌಕ ಮಾಡಿದ್ದನ್ನು ಅಳೆದು ನೋಡಿದರು. ಒಣಗಿದ ಕಾಯಿ ಬಡಿದು, ತೂರಿ, ತಕ್ಕಡಿಗೆ ಹಾಕುವ ಮೊದಲು ತಕ್ಕಡಿ ಸೊನ್ನೆಗೆ ನಿಂತಿದೆಯೇ ಅಂತ ಒಬ್ಬ ಹುಡುಗ ಬಗ್ಗಿ ನೋಡಿ ಮೊಬೈಲ್‌ನಲ್ಲಿ ಫೋಟೊ ತೆಗೆದ. ತೂಕವನ್ನು ನನ್ನ ವಹಿಯಲ್ಲಿ ಬರೆದು, ಪಕ್ಕದಲ್ಲಿ ಪೋರ್ಟಲ್‌ನ ಅಂಕಿಗೆಂದು ಒಂದು ಮನೆ ಖಾಲಿ ಬಿಟ್ಟೆ. ಅಂಕಿ ಬಂದ ದಿನ ಹುಡುಗನೇ ಓಡಿ ಬಂದು ತುಂಬಿದ. ಎರಡೂ ತಾಳೆಯಾದವು.