ಹಗ್ಗದ ಆಚೆ ತುದಿ

ಹಗ್ಗ ಆಯಿಯದು. ನಮ್ಮವ್ವನನ್ನು ಮನೆಯಲ್ಲಿ ಎಲ್ಲರೂ ಆಯಿ ಅಂತಲೇ ಕರೆಯುವುದು. ಕೂಸಿದ್ದಾಗ ನನ್ನನ್ನು ಸೀರೆಯ ಜೋಳಿಗೆಯಲ್ಲಿ ಹಾಕಿ, ಅದರ ಹಗ್ಗವನ್ನು ಕಾಲ ಹೆಬ್ಬೆರಳಿಗೆ ಸುತ್ತಿಕೊಂಡು ರೊಟ್ಟಿ ಬಡಿಯುತ್ತಿದ್ದಳು. ಕೈಗೆ ಹಿಟ್ಟು, ಕಾಲಿಗೆ ಕೂಸು. ಹೋದ ಬೇಸಿಗೆಯಲ್ಲಿ ಕಲಬುರಗಿಯ ನಮ್ಮ ಮನೆಯಲ್ಲೇ, ಆರು ವರ್ಷದ ಮಗಳನ್ನು ಕಟ್ಟಿಕೊಂಡು, ಇದನ್ನೇ ಪರ್ಫಾರ್ಮೆನ್ಸ್ ವಿಡಿಯೊ, ಅಂದರೆ ಮಾಡುವ ಕ್ರಿಯೆಯೇ ಕಲೆಯಾಗುವ ವಿಡಿಯೊ, ಮಾಡಲು ಹೊರಟೆ.

ನಾನು ಅಡಿಗೆಮನೆಯಲ್ಲಿ, ಅವಳು ಗೋಡೆಯಾಚೆ ಪಡಸಾಲೆಯಲ್ಲಿ. ನಡುವೆ ಶಹಾಬಾದ್ ಪರಸಿ ಕಲ್ಲಿನ ನೆಲದ ಮೇಲೆ ಹರಿದ ಹಗ್ಗ. ನನ್ನ ತುದಿ ಹೆಬ್ಬೆರಳಿಗೆ ಸುತ್ತಿತ್ತು, ಅವಳದು ಬರೀ ಕೈಯಲ್ಲಿ. ಮಗುವಿನ ಮೈಗೆ ಗಂಟು ಹಾಕುವಂತಿಲ್ಲ, ಅದು ನಾನೇ ಮಾಡಿಕೊಂಡ ಕಟ್ಟಳೆ.

ಲಿಂಡಾ ಮೊಂಟಾನೊ ಮತ್ತು ತೆಹ್ಚಿಂಗ್ ಶೇ ಎಂಬ ಇಬ್ಬರು ಕಲಾವಿದರು ನ್ಯೂಯಾರ್ಕಿನಲ್ಲಿ 1983ರ ಜುಲೈ 4ರಿಂದ ಒಂದು ವರ್ಷ ಎಂಟಡಿ ಹಗ್ಗದಲ್ಲಿ ಸೊಂಟಕ್ಕೆ ಸೊಂಟ ಬಿಗಿದುಕೊಂಡು, ಒಬ್ಬರನ್ನೊಬ್ಬರು ಮುಟ್ಟದೆ ಇರುವ ಪಣ ತೊಟ್ಟಿದ್ದರು. ಅವರಿಬ್ಬರೂ ದೊಡ್ಡವರು, ತಿಳಿದು ಒಪ್ಪಿದವರು. ನನ್ನ ಮಗಳು ಒಪ್ಪಿದ್ದು ಒಂದು ಕುಲ್ಫಿಗೆ. ಈ ವ್ಯತ್ಯಾಸ ಕೆಲಸದುದ್ದಕ್ಕೂ ನನ್ನನ್ನು ಚುಚ್ಚಿತು.

ಮೇ ತಿಂಗಳು, 42 ಡಿಗ್ರಿ ಬಿಸಿಲು. ಫ್ಯಾನ್ ಹಾಕಿದರೆ ರೊಟ್ಟಿ ಬಡಿಯುವ ಸದ್ದು ಮುಳುಗುತ್ತಿತ್ತು. ಆರಿಸಿದರೆ ಒಲೆ ಪಕ್ಕದ ಫೋನು ಕಾದು ತಾನೇ ಬಂದಾಗುತ್ತಿತ್ತು. ಮರುದಿನ ನಸುಕಿನಲ್ಲೇ ಶುರುಮಾಡಿದೆವು. ಹಿಟ್ಟಿನ ಕೈ ಆಡಿದಾಗಲೆಲ್ಲ ಚಿತ್ರ ಮಸುಕಾಗುತ್ತದೆಂದು ಫೋಕಸ್ ಲಾಕ್ ಮಾಡಿದೆ. ಎರಡೂ ಫೋನು ಚಾಲೂ ಆದಮೇಲೆ ಒಂದು ಜೋರು ಚಪ್ಪಾಳೆ. ಆಮೇಲೆ ಎರಡು ವಿಡಿಯೊ ಕೂಡಿಸಲಿಕ್ಕೆ ಅದೇ ಗುರುತು.

ಇಪ್ಪತ್ತೆರಡು ನಿಮಿಷ ಬಡಿದೆ. ನಾನು ಕಾಲು ಎಳೆದರೆ ಆಚೆಯಿಂದ ಅವಳೂ ಎಳೆಯುತ್ತಿದ್ದಳು. ಗೋಡೆ ನಡುವಿದ್ದರೂ ಮಗಳು ಬೆರಳಿಗೆ ಸಿಗುತ್ತಿದ್ದಾಳಲ್ಲ ಎಂದು ಕಣ್ಣು ತುಂಬಿ ಬಂತು, ಸುಳ್ಳೇಕೆ ಹೇಳಲಿ.

ರಾತ್ರಿ ಅವಳ ಕಡೆಯ ವಿಡಿಯೊ ನೋಡಿದೆ. ಒಂಬತ್ತನೇ ನಿಮಿಷಕ್ಕೆ ಹುಡುಗಿ ಹಗ್ಗವನ್ನು ಕಿಟಕಿಯ ಸರಳಿಗೆ ಕಟ್ಟಿ, ಗಂಟನ್ನು ಎರಡು ಸಲ ಜಗ್ಗಿ ನೋಡಿ, ಹೊರಗೆ ಹೋಗಿಬಿಟ್ಟಿದ್ದಾಳೆ. ಉಳಿದ ಹದಿಮೂರು ನಿಮಿಷ ನಾನು ಎಳೆದದ್ದೇ ನನಗೆ ವಾಪಸ್ ಬಂದಿದೆ.

"ಯಾಕ ಕಟ್ಟಿದಿ?"

"ಗುಬ್ಬಿ ನೋಡ್ಲಾಕ ಹೋಗಿದ್ದೆ ಮಮ್ಮಿ. ಬಿಟ್ಟು ಹೋದ್ರ ನಿನಗ ಗೊತ್ತಾಗ್ತಿತ್ತಲ್ಲ."

ಮತ್ತೊಮ್ಮೆ ತೆಗೆಯೋಣವೆಂದುಕೊಂಡಿದ್ದೆ. ಆಯಿ ನೋಡಿ ನಕ್ಕಳು: "ಹಗ್ಗಕ್ಕ ಕೂಸು ಎದ್ದದೋ ಮಲಗ್ಯದೋ ಗೊತ್ತಾಗ್ತದೇನು? ನೀ ಮಲಗಿದ ಮ್ಯಾಲೂ ನಾ ತೂಗೇ ತೂಗ್ತಿದ್ದೆ."

ಹಾಗಾಗಿ ಮೊದಲನೆಯದನ್ನೇ ಉಳಿಸಿಕೊಂಡೆ. ಪಡಸಾಲೆಯ ಎದುರುಬದುರು ಗೋಡೆಗಳಿಗೆ ಬಿಳಿ ಚಾದರ ಕಟ್ಟಿ, ಬಾಡಿಗೆಗೆ ತಂದ ಎರಡು ಪ್ರೊಜೆಕ್ಟರಿನಲ್ಲಿ ಹಾಕಿದೆ. ಒಂದರಲ್ಲಿ ಎಳೆಯುತ್ತಲೇ ಇರುವ ಕಾಲು, ಇನ್ನೊಂದರಲ್ಲಿ ಕಿಟಕಿ, ಬಿಗಿದು ಸಡಿಲಾಗುವ ಹಗ್ಗ. ನೋಡುವವರು ಕತ್ತು ತಿರುಗಿಸಲೇಬೇಕು.

ತೋರಿಸುವ ಮೊದಲು ಮಗಳನ್ನೇ ಕೇಳಿದ್ದೆ. ತಾನು ಮೂಗಿನಲ್ಲಿ ಬೆರಳಿಟ್ಟದ್ದು ಯಾರೂ ನೋಡಬಾರದು ಅಂದಳು. ಹದಿನಾಲ್ಕು ಸೆಕೆಂಡು. ಅಷ್ಟನ್ನು ಕತ್ತರಿಸಿದರೆ ಎರಡು ವಿಡಿಯೊಗಳ ತಾಳ ತಪ್ಪುತ್ತದೆ. ಅದಕ್ಕೇ ಅಷ್ಟು ಹೊತ್ತು ಅವಳ ಗೋಡೆ ಪೂರಾ ಕಪ್ಪು, ಎದುರಿನದರಲ್ಲಿ ರೊಟ್ಟಿ ಬಡಿಯುತ್ತಲೇ ಇರುತ್ತದೆ.